ಬೆಲ್ಲದ ವಿರೂಪಾಕ್ಷಪ್ಪನವರ ಎಡಗೈ

ಕುಷ್ಟಗಿ ಪೇಟೆಯಲ್ಲಿ ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿ ಮಾರುತ್ತಿದ್ದ ವಿರೂಪಾಕ್ಷಪ್ಪನವರಿಗೆ ಸುಳ್ಳು ಹೇಳಿ ರೂಢಿ ಇರಲಿಲ್ಲ. ರೂಢಿ ಇದ್ದವರು ದಿನಕ್ಕೊಂದು ಸಣ್ಣದು ಹೇಳಿ ಅರಗಿಸಿಕೊಳ್ಳುತ್ತಾರೆ. ಇವರು ನಲವತ್ತೆಂಟು ವರ್ಷ ಸುಮ್ಮನಿದ್ದು ಒಂದೇ ಸಲ ಹೇಳಿದರು. ಅದೂ ಮಗಳನ್ನು ನೋಡಲು ಬಂದ ಬೀಗರ ಮುಂದೆ.

ನಿಜವಾಗಿ ನೋಡಿದರೆ ತಪ್ಪು ಗೋಡೆಯ ಗೂಟದ್ದು. ಹಿಂದಿನ ವರ್ಷ ಕೊಪ್ಪಳದಲ್ಲಿ ಒಂದು ನಾಟಕ ಕಂಪನಿ ಮುರಿದುಬಿದ್ದು, ಅದರ ಸಾಮಾನುಗಳನ್ನು ಹರಾಜಿಗೆ ಇಟ್ಟಿದ್ದರು. ಬೆಲ್ಲದ ಪೆಂಟಿ, ಅಂದರೆ ದೊಡ್ಡ ದೊಡ್ಡ ಮುದ್ದೆ, ತರಲು ಹೋಗಿದ್ದ ವಿರೂಪಾಕ್ಷಪ್ಪನವರು ಗಾಡಿಯಲ್ಲಿ ಪೆಂಟಿಗಳ ನಡುವೆ ಒಂದು ಸಿತಾರವನ್ನೂ ಮಲಗಿಸಿಕೊಂಡು ಬಂದರು. ಪಡಸಾಲೆಯಲ್ಲಿ ಒಂದು ಗೂಟ ಖಾಲಿ ಇತ್ತು, ಖಾಲಿ ಗೂಟ ಕಂಡರೆ ಅವರಿಗೆ ಸಮಾಧಾನ ಇರುತ್ತಿರಲಿಲ್ಲ, ಅಷ್ಟೇ ಕಾರಣ. ಹೆಂಡತಿ ಪಂಪಮ್ಮ ವಾರಕ್ಕೊಮ್ಮೆ ಬಟ್ಟೆಯಿಂದ ಅದರ ಧೂಳು ಹೊಡೆಯುತ್ತಿದ್ದರು. ಆಗ ತಂತಿ ಒಮ್ಮೆ ‘ಟೊಂಯ್’ ಅನ್ನುತ್ತಿತ್ತು. ಆ ಮನೆಯಲ್ಲಿ ಒಂದು ವರ್ಷ ನಡೆದ ಸಂಗೀತ ಅಷ್ಟು.

ದವನದ ಹುಣ್ಣಿಮೆಯಾದ ಮರುದಿನ ತಳಕಲ್ಲಿನ ದೊಡ್ಡಬಸಪ್ಪನವರು ಮಗನನ್ನು ಕರೆದುಕೊಂಡು ಹೆಣ್ಣು ನೋಡಲು ಬಂದರು. ಮಗಳು ಅನ್ನಮ್ಮ ಬಂದಳು, ನಮಸ್ಕಾರ ಮಾಡಿದಳು, ಒಳಗೆ ಹೋದಳು. ಹುಡುಗ ನೆಲ ನೋಡುತ್ತಲೇ ಒಪ್ಪಿಕೊಂಡ. ಅವನ ಅಪ್ಪನ ಕಣ್ಣು ಮಾತ್ರ ಗೋಡೆ ಬಿಟ್ಟು ಕದಲಲಿಲ್ಲ.

“ಇದನ್ನ ಯಾರು ಬಾರಸ್ತಾರ್ರಿ?” ಎಂದು ದೊಡ್ಡಬಸಪ್ಪನವರು ಕೇಳಿದರು.

‘ಯಾರೂ ಇಲ್ಲ’ ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಬೀಗರಾಗುವವರು, ನೂರೆಕರೆ ಎರೆಹೊಲದವರು, ಅಷ್ಟು ಆಸೆಯಿಂದ ಕೇಳುತ್ತಿದ್ದಾರೆ.

“ನಾವ ರಿ,” ಅಂದರು ವಿರೂಪಾಕ್ಷಪ್ಪನವರು. “ಹಿಂಗ ಸುಮ್ನ. ಅಂಗಡಿ ಮುಚ್ಚಿದ ಮ್ಯಾಲ ಒಂದೀಟು.”

ದೊಡ್ಡಬಸಪ್ಪನವರು ಎದ್ದು ಬಂದು ಅವರನ್ನು ತಬ್ಬಿಕೊಂಡರು. “ಇಪ್ಪತ್ತು ವರ್ಷ ಆತ್ರಿ, ನಾ ಒಬ್ಬನ ಕುಂತು ತಬಲಾ ಬಾರಸ್ತೇನಿ. ಇಟಗಿ, ಯಲಬುರ್ಗಿ ಎಲ್ಲಾ ಹುಡುಕಿದೆ, ಒಬ್ಬ ಜೋಡಿ ಸಿಗಲಿಲ್ಲ. ಈಗ ಬೀಗರ ರೂಪದಾಗ ಸಿಕ್ಕೀರಿ. ಆಗಿ ಹುಣ್ಣಿವಿ ದಿನ ವೀಳ್ಯ ಇಟ್ಟುಕೊಳ್ಳೂಣ. ಮೊದಲ ನಿಮ್ಮ ಸಿತಾರ, ನನ್ನ ತಬಲಾ. ಆಮ್ಯಾಲ ಸಕ್ಕರಿ ಹಂಚೂದು.”

ಸಕ್ಕರೆ ಹಂಚಿದರೆ ಸಂಬಂಧ ಗಟ್ಟಿಯಾದಂತೆ. ಹಂಚದಿದ್ದರೆ, ಬಂದವರು ಊಟ ಮಾಡಿ ಹೋದರು ಅಂತ ಅಷ್ಟೇ. ಆ ಸಕ್ಕರೆಗಿಂತ ಮೊದಲು ಈಗ ಒಂದು ಸಿತಾರ ಬಂದು ಅಡ್ಡ ಕೂತಿತು.

ಗಾಡಿ ಓಣಿ ದಾಟುವವರೆಗೆ ಪಂಪಮ್ಮ ಕಾದರು. ಆಮೇಲೆ ಕೇಳಿದರು: “ಏನ್ರೀ, ನಿಮಗ ಸಿತಾರ ಬರತೈತಿ ಅಂತ ಇಪ್ಪತ್ತಮೂರು ವರ್ಷ ನನಗ್ಯಾಕ ಹೇಳಲಿಲ್ಲ?”

“ಕಲತರ ಬರತೈತಿ.”

“ಹುಣ್ಣಿವಿಗೆ ಎಷ್ಟು ದಿನ ಅದಾವು?”

“ಇಪ್ಪತ್ತೆಂಟು.”

“ಅನ್ನಮ್ಮಗ ರೊಟ್ಟಿ ಬಡಿಯೂದು ಕಲ್ಯಾಕ ಎರಡು ವರ್ಷ ಹಿಡದೈತಿ,” ಎಂದು ಹೇಳಿ ಪಂಪಮ್ಮ ಒಳಗೆ ಹೋದರು. ಸಿತಾರ ಯಾವತ್ತೂ ಹಿಡಿಯದ ಆ ಹೆಂಗಸಿಗೆ ಲೆಕ್ಕ ಗಂಡನಿಗಿಂತ ಚೆನ್ನಾಗಿ ಬರುತ್ತಿತ್ತು.

ಕುಷ್ಟಗಿಯಲ್ಲಿ ಸಿತಾರ ಬಲ್ಲವರು ಒಬ್ಬರೇ. ಪೊಲೀಸ್ ಠಾಣೆಯ ಅಮೀನ ಸಾಹೇಬರ ಅಕ್ಕ ಶಹನಾಜಬೇಗಂ. ಹೈದರಾಬಾದಿನಲ್ಲಿ ಹುಟ್ಟಿ, ತಂದೆಯಿಂದ ಕಲಿತು, ಗಂಡ ತೀರಿದ ಮೇಲೆ ತಮ್ಮನ ಮನೆಗೆ ಬಂದಿದ್ದ ಐವತ್ತೈದರ ಉಸ್ತಾನಿ. ವಿರೂಪಾಕ್ಷಪ್ಪನವರು ಬೆಲ್ಲದ ಒಂದು ಪೆಂಟಿ ಕಾಣಿಕೆ ಹಿಡಿದು ಹೋಗಿ, ಮಗಳ ಮದುವೆಯ ಕಥೆ ಹೇಳಿ ಬೇಡಿಕೊಂಡಾಗ, ಆಕೆ ಕರಗಿದರು. ಆದರೆ ಆ ಮನೆಯ ಗೋಷಾ ಪದ್ಧತಿ ಕರಗಲಿಲ್ಲ. ಪಡಸಾಲೆಗೂ ಒಳಕೋಣೆಗೂ ನಡುವೆ ಒಂದು ದಪ್ಪ ಪರದೆ. ಅದರ ಆಚೆ ಉಸ್ತಾನಿ, ಈಚೆ ಶಿಷ್ಯ. ಅವರು ಬಾರಿಸಿ ತೋರಿಸುವುದು ಇವರಿಗೆ ಕಾಣದು, ಇವರು ಹಿಡಿದದ್ದು ಅವರಿಗೆ ಕಾಣದು. ಕಿವಿ ಒಂದೇ ಸೇತುವೆ.

ಈಗ ವಿರೂಪಾಕ್ಷಪ್ಪನವರ ಎಡಗೈಯ ವಿಷಯ ಹೇಳಬೇಕು. ಮೂವತ್ತು ವರ್ಷದಿಂದ ಆ ಕೈಗೆ ಗೊತ್ತಿದ್ದದ್ದು ಒಂದೇ ಕೆಲಸ: ತಕ್ಕಡಿಯ ಹಗ್ಗ ಹಿಡಿದು, ಮೊಣಕೈ ಎತ್ತಿ, ಎದೆಯ ಮಟ್ಟದಲ್ಲಿ ಅಲುಗಾಡದಂತೆ ನಿಲ್ಲಿಸುವುದು. ಅಂಥ ಕೈಗೆ ಸಿತಾರ ಕೊಟ್ಟರೆ ಅದು ಏನು ಮಾಡಬೇಕು? ಸಿತಾರದ ಉದ್ದ ಕೊರಳಾದ ದಂಡಿಯನ್ನು ತಕ್ಕಡಿಯ ಹಗ್ಗದಂತೆ ಗಬಕ್ಕನೆ ಹಿಡಿಯಿತು, ಇಡೀ ಸಿತಾರದ ಭಾರವನ್ನು ಮೇಲಕ್ಕೆ ಎತ್ತಿತು, ಮಣಿಕಟ್ಟು ಮುರಿದು ನಿಂತಿತು. ಬಲಗೈ ತಂತಿ ಮೀಟುವುದೂ ಹಾಗೆಯೇ, ತೂಕಕ್ಕೆ ಇನ್ನೊಂದು ಚೂರು ಬೆಲ್ಲ ಹಾಕಿದಂತೆ. ತಂತಿ ‘ಝರ್ರ್’ ಎಂದಿತು.

“ಆವಾಜ ಸಾಫ್ ಇಲ್ಲ, ಸಾವಕಾರ್ರ,” ಪರದೆ ಹೇಳಿತು. “ಬೆರಳು ಒತ್ರಿ.”

ಒತ್ತಿದರು.

“ಇನ್ನೂ ಒತ್ರಿ.”

ಇನ್ನೂ ಒತ್ತಿದರು. ಪಾಪ, ಉಸ್ತಾನಿಗೆ ಕೇಳುತ್ತಿದ್ದದ್ದು ಒತ್ತಡ ಸಾಲದ ತಂತಿಯ ಸದ್ದು. ಒತ್ತಡವೆಲ್ಲ ದಂಡಿಯನ್ನು ಎತ್ತಿ ಹಿಡಿಯುವುದರಲ್ಲೇ ಖರ್ಚಾಗುತ್ತಿದೆ ಎಂದು ಪರದೆಯ ಆಚೆ ಹೇಗೆ ತಿಳಿಯಬೇಕು? ನಾಲ್ಕನೆಯ ದಿನಕ್ಕೆ ಅಮೀನ ಸಾಹೇಬರು ಮಧ್ಯಾಹ್ನದ ಊಟವನ್ನು ಠಾಣೆಗೇ ತರಿಸಿಕೊಳ್ಳತೊಡಗಿದರು.

ಓಣಿಯ ಎದುರು ಮನೆಯ ಗಿಡ್ಡಪ್ಪ ಬಟ್ಟೆ ಹೊಲಿಯುವವನು. ಅವನ ಕಾಲು ಮಿಷನ್ನಿನ ಮೇಲೆ, ಕಣ್ಣು ಓಣಿಯ ಮೇಲೆ. ಧೋತರದಲ್ಲಿ ಸುತ್ತಿದ ಉದ್ದನೆಯ ಗಂಟು ಹೊತ್ತು ಸಾವಕಾರರು ದಿನಾ ಅಮೀನರ ಮನೆಯ ಕಡೆ ಹೋಗುವುದನ್ನು ಅವನು ಒಂದು ವಾರ ಸಹಿಸಿಕೊಂಡ.

“ಸಾವಕಾರ್ರ, ದಿನಾ ಅಮೀನ ಸಾಹೇಬ್ರ ಮನಿಗೆ ಹೊಂಟೀರಿ. ಕೇಸು ಭಾಳ ದೊಡ್ಡದೇನ್ರಿ?”

“ಕೇಸಲ್ಲೋ ಮಾರಾಯ.”

“ಮತ್ತ ಆ ಗಂಟಿನ್ಯಾಗ?”

“ಕುಂಬಳಕಾಯಿ.”

ಗಿಡ್ಡಪ್ಪ ಗಂಟನ್ನು ಮೇಲಿಂದ ಕೆಳಗೆ ನೋಡಿದ. “ನಾಕು ಮೊಳ ತೊಟ್ಟು ಇರೂ ಕುಂಬಳಕಾಯಿ ನಾ ನೋಡಿಲ್ರಿ.”

ಹೀಗೆ ಮೊದಲ ಸುಳ್ಳಿಗೆ ಸಂಸಾರ ಬೆಳೆಯತೊಡಗಿತು.

ಒಂಬತ್ತನೆಯ ದಿನ ಬೆಳಿಗ್ಗೆ ವಿರೂಪಾಕ್ಷಪ್ಪನವರು ಎಡಗೈಯಿಂದ ತಂಬಿಗೆ ಎತ್ತಲು ಹೋದರು. ತಂಬಿಗೆ ಅಲ್ಲೇ ಇತ್ತು, ನೋವು ಮಾತ್ರ ಮೊಣಕೈವರೆಗೆ ಏರಿತು. ಮಣಿಕಟ್ಟು ಬಾತು ಹಲಗೆಯಂತಾಗಿತ್ತು. ಅಂಗಡಿಯಲ್ಲಿ ತಕ್ಕಡಿ ಹಿಡಿದರೆ ಎರಡು ತಟ್ಟೆಗಳೂ ಒಂದಕ್ಕೊಂದು ಡಿಕ್ಕಿ ಹೊಡೆದವು.

ಕಾಲು ಸೇರು ಬೆಲ್ಲಕ್ಕೆ ಬಂದ ಮುದುಕಿ ಫಕೀರಮ್ಮ ಸ್ವಲ್ಪ ಹೊತ್ತು ನೋಡಿದಳು. “ಯಪ್ಪಾ, ಈ ಬ್ಯಾಸಗಿ ಬಿಸಲಾಗ ನಿನ್ನ ಬೆಲ್ಲಕ್ಕ ಚಳಿ ಬಂದೈತೇನು? ನಡಗಾಕತೈತಲ್ಲ.”

“ಕೈ ಉಳಕೈತಿ, ಯಮ್ಮಾ. ಪೆಂಟಿ ಎತ್ತೂಮುಂದ.”

ಅಷ್ಟು ಸಾಕಾಯಿತು. ಮಧ್ಯಾಹ್ನದ ಒಳಗೆ ಓಣಿ ಪೂರ್ತಿ ವೈದ್ಯರ ಓಣಿಯಾಯಿತು. ಒಬ್ಬರು ಔಡಲ ಎಲೆ ಬೆಚ್ಚಗೆ ಮಾಡಿ ಕಟ್ಟಿದರು. ಅದು ಬಾಡುವ ಮೊದಲೇ ಇನ್ನೊಬ್ಬರು ಬಿಚ್ಚಿ ಸುಣ್ಣ ಬೆಲ್ಲ ಕಲಸಿ ಹಚ್ಚಿದರು. ಬೆಲ್ಲ ಇವರ ಅಂಗಡಿಯದೇ. ನೊಣಗಳು ತಕ್ಕಡಿ ಬಿಟ್ಟು ಕೈಗೆ ಬಂದವು. ಕಾಯಿಸಿದ ಇಟ್ಟಿಗೆಯ ಮೇಲೆ ಕೈ ಇಡಿರಿ ಎಂದು ಗಿಡ್ಡಪ್ಪ ಹೇಳಿದ. ಇಟ್ಟರು. ಆಮೇಲೆ ಸುಟ್ಟ ಗಾಯಕ್ಕೆ ಬೇರೆ ಔಷಧ ಬೇಕಾಯಿತು, ಅದನ್ನೂ ಗಿಡ್ಡಪ್ಪನೇ ಹೇಳಿದ. ಇಷ್ಟೆಲ್ಲದರ ನಡುವೆ ಅವರು ಸಿತಾರ ಬಿಡಲಿಲ್ಲ. ಬೆಳಗಿನ ಜಾವ ಎದ್ದು ಕೂತು ಒತ್ತುತ್ತಿದ್ದರು. ನೋವಿನ ಸುದ್ದಿಯನ್ನು ಉಸ್ತಾನಿಗೂ ಹೇಳಲಿಲ್ಲ, ಪಾಠ ನಿಲ್ಲಿಸಿಯಾರು ಎಂಬ ಭಯ.

ಕೊನೆಗೆ ಒಬ್ಬರೇ ಎಲುಬು ಕೂಡಿಸುವ ಹೈದರಸಾಬರ ಹತ್ತಿರ ಹೋದರು. ಹೈದರಸಾಬರು ಕೈ ಹಿಡಿದು, ಕಣ್ಣು ಮುಚ್ಚಿ, ಒಂದೊಂದೇ ಎಲುಬನ್ನು ವಿಚಾರಿಸಿಕೊಂಡರು.

“ಎಲುಬು ಜಾಗ ಬಿಟ್ಟಿಲ್ಲ. ನರ ಬಾತಾವು. ಏನು ಮಾಡಿದ್ರಿ?”

“ಪೆಂಟಿ ಎತ್ತಿದೆ.”

“ಯಾವ ಕೈಲೆ?”

“ಎರಡೂ ಕೈಲೆ.”

“ಮತ್ತ ಬಲಗೈ ಆರಾಮ ಐತಲ್ಲ.”

“ಬಲಗೈ ಮೊದಲಿಂದ ಗಟ್ಟಿ ಐತ್ರಿ.”

ಹೈದರಸಾಬರು ಅವರ ಮುಖ ಒಮ್ಮೆ ನೋಡಿ ಕೈ ಕೆಳಗಿಟ್ಟರು. ರೋಗಿ ಹೇಳಿದ್ದಕ್ಕೆ ತಕ್ಕ ಕಟ್ಟು ಕಟ್ಟುವುದು ಅವರ ಪದ್ಧತಿ. ಬಿದಿರಿನ ದಬ್ಬೆ ನಾಲ್ಕು, ಹಳೆಯ ಬಟ್ಟೆ, ಅದನ್ನು ಗಟ್ಟಿ ಹಿಡಿಸಲು ಕೋಳಿ ತತ್ತಿಯ ಬಿಳಿ ಲೋಳೆ. ಮೂರು ದಿನಕ್ಕೊಮ್ಮೆ ಎರಡು ತತ್ತಿ.

ತತ್ತಿ ಎಂದದ್ದೇ ವಿರೂಪಾಕ್ಷಪ್ಪನವರು ಕೊರಳ ಲಿಂಗ ಮುಟ್ಟಿಕೊಂಡರು. ಆ ಶಬ್ದ ಕೂಡ ಅವರ ಮನೆಯ ಹೊಸ್ತಿಲು ದಾಟಿದ್ದಿಲ್ಲ.

“ತಿನ್ನಾಕ ಅಲ್ರೀ, ಹಚ್ಚಾಕ,” ಅಂದರು ಹೈದರಸಾಬರು. “ಇದು ಬಿಟ್ರ ಮತ್ಯಾವುದೂ ಇಷ್ಟು ಬಿಗಿ ಹಿಡಿಯಂಗಿಲ್ಲ.”

“ಹಂಗಾರ ಈ ಸುದ್ದಿ ಯಾರ ಮುಂದೂ ಆಡಬ್ಯಾಡ್ರಿ.”

“ಕೈ ಕಾಲಿನ ಸುದ್ದಿ ನಾ ನನ್ನ ಹೆಂಡ್ತಿಗೂ ಹೇಳಂಗಿಲ್ಲ.”

ಅವರು ಮಾತಿಗೆ ತಪ್ಪದ ಮನುಷ್ಯ. ತತ್ತಿ ಮುಟ್ಟಿಸಲು ಹೆಂಡತಿ ಇಮಾಮಬೀಗೆ ಹೇಳಿದರು, ಯಾತಕ್ಕೆ ಎಂದು ಹೇಳಲಿಲ್ಲ. ಅನಾಹುತ ಶುರುವಾದದ್ದು ಈ ಪ್ರಾಮಾಣಿಕತೆಯಿಂದ.

ಪಂಪಮ್ಮ ತತ್ತಿಯನ್ನು ಹಿತ್ತಲ ಕೊಟ್ಟಿಗೆಯವರೆಗೆ ಮಾತ್ರ ಬಿಟ್ಟರು. ಅಲ್ಲೇ ಎಮ್ಮೆಯ ಪಕ್ಕದಲ್ಲಿ ಕಟ್ಟು ಕಟ್ಟಿದ್ದಾಯಿತು. ಹದಿನೈದು ದಿನ ಅಲುಗಾಡಿಸಬಾರದು ಎಂದು ಹೈದರಸಾಬರು ಹೇಳಿದ್ದರು. ಹುಣ್ಣಿಮೆಗೆ ಉಳಿದದ್ದು ಹದಿನೇಳು ದಿನ. ವಿರೂಪಾಕ್ಷಪ್ಪನವರು ಯೋಚಿಸಿ ಒಂದು ಮಧ್ಯದ ದಾರಿ ಹಿಡಿದರು. ಬೆಳಿಗ್ಗೆ ಕಟ್ಟು ಬಿಚ್ಚಿ ಒಂದು ತಾಸು ಬಾರಿಸುವುದು, ಮತ್ತೆ ಕಟ್ಟುವುದು. ಮಧ್ಯಾಹ್ನ ಬಿಚ್ಚಿ ಉಸ್ತಾನಿಯ ಪಾಠ, ಮತ್ತೆ ಕಟ್ಟುವುದು. ಸಂಜೆ ಇನ್ನೊಮ್ಮೆ. ಪ್ರತಿ ಕಟ್ಟಿಗೆ ಹೊಸ ಲೋಳೆ. ಹೀಗಾಗಿ ಮೂರು ದಿನಕ್ಕೆ ಎರಡು ಇದ್ದ ತತ್ತಿ ದಿನಕ್ಕೆ ಆರಕ್ಕೆ ಬಂದು ನಿಂತಿತು. ಉಳಿದ ಹಳದಿಯನ್ನು ತಿಂದು ಓಣಿಯ ಕೆಂಪು ನಾಯಿ ಮೈಯೆಲ್ಲ ಮಿಂಚತೊಡಗಿತು. ಊರಿಗೆ ಮಾತ್ರ ಕೈ ಆರಾಮಾಯಿತೆಂದು ಹೇಳಿ, ಕಟ್ಟು ಕಾಣದಂತೆ ವಿರೂಪಾಕ್ಷಪ್ಪನವರು ಆ ಸುಡು ಬಿಸಿಲಿನಲ್ಲಿ ಶಾಲು ಹೊದ್ದು ಅಂಗಡಿಯಲ್ಲಿ ಕೂತರು. ಪಂಪಮ್ಮನೇ ಬಂದು ತಕ್ಕಡಿ ಹಿಡಿದರು.

ಬುಟ್ಟಿಗೆ ಬಟ್ಟೆ ಮುಚ್ಚಿಕೊಂಡು ಹಿತ್ತಲ ಕಡೆ ಹೊರಟ ಇಮಾಮಬೀಯನ್ನು ಗಿಡ್ಡಪ್ಪ ಒಂದು ದಿನ ತಡೆದು ನಿಲ್ಲಿಸಿದ.

“ಏನವಾ, ಬುಟ್ಟ್ಯಾಗ?”

“ತತ್ತಿ ಅದಾವಪ್ಪ. ಸಾವಕಾರ್ರ ಮನಿಗೆ.”

“ಬೆಲ್ಲದವರ ಮನಿಗೆ? ಎಷ್ಟು?”

“ದಿನಾ ಆರು. ಹಿತ್ತಲ ಬಾಗಲಲೆ ಕೊಡು ಅಂದಾರ, ಕೊಡತೇನಿ. ಯಾತಕ್ಕಂತ ನನಗೇನು ಗೊತ್ತು?”

ಗಿಡ್ಡಪ್ಪನ ಮಿಷನ್ನು ಅವತ್ತು ಮತ್ತೆ ತಿರುಗಲಿಲ್ಲ. ಬಿಸಿಲಲ್ಲಿ ಶಾಲು, ಅಮೀನರ ಮನೆಗೆ ಓಡಾಟ, ದಿನಕ್ಕೆ ಆರು ತತ್ತಿ. ಅವನಿಗೆ ಸಾವಕಾರರ ಮೇಲೆ ದ್ವೇಷ ಎಳ್ಳಷ್ಟೂ ಇರಲಿಲ್ಲ. ಸುದ್ದಿಯನ್ನು ಒಬ್ಬನೇ ಇಟ್ಟುಕೊಳ್ಳುವ ಶಕ್ತಿ ಇರಲಿಲ್ಲ, ಅಷ್ಟೇ. ಸಂತೆಯ ದಿನ ಒಬ್ಬರಿಗೆ ಹೇಳಿದ. ಆ ಒಬ್ಬರು ಗಾಡಿ ಹತ್ತಿದರು. ಯಲಬುರ್ಗಿ ದಾಟುವಾಗ ಆರು ಹೋಗಿ ಹನ್ನೆರಡಾಯಿತು. ಮುಂದಿನ ಊರಲ್ಲಿ ತತ್ತಿಗೆ ಕೋಳಿ ಜೊತೆಯಾಯಿತು. ತಳಕಲ್ಲು ಮುಟ್ಟುವ ಹೊತ್ತಿಗೆ ಬೆಲ್ಲದ ವಿರೂಪಾಕ್ಷಪ್ಪನವರು ಅಮೀನ ಸಾಹೇಬರ ಸಂಗಡ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು.

ಹುಣ್ಣಿಮೆಗೆ ಇನ್ನೂ ಒಂದು ವಾರ ಇರುವಾಗ ತಳಕಲ್ಲಿನ ಗಾಡಿ ಬಂದು ಬಾಗಿಲಲ್ಲಿ ನಿಂತಿತು. ಇಳಿದವರು ದೊಡ್ಡಬಸಪ್ಪನವರ ಅಕ್ಕ ಕಳಕಮ್ಮ. ತಮ್ಮನ ಮನೆಯ ಕೀಲಿಕೈ ಗೊಂಚಲು ಇಪ್ಪತ್ತು ವರ್ಷದಿಂದ ಅವರ ಸೊಂಟದಲ್ಲಿತ್ತು. ಆಕೆ ಕೈಕಾಲು ತೊಳೆಯಲಿಲ್ಲ, ಕೊಟ್ಟ ನೀರು ಮುಟ್ಟಲಿಲ್ಲ. ನೇರ ಅಡುಗೆಮನೆಗೆ ಹೋಗಿ ಗಡಿಗೆಗಳ ಮುಚ್ಚಳ ತೆಗೆದು ನೋಡಿದರು. ಅಲ್ಲಿಂದ ಹಿತ್ತಲಿಗೆ, ಹಿತ್ತಲಿಂದ ಕೊಟ್ಟಿಗೆಗೆ. ಮರಳಿ ಬರುವಾಗ ಎರಡು ಬೆರಳಿನ ನಡುವೆ ಒಂದು ತತ್ತಿ ಇತ್ತು.

“ತಂಗೀ, ಇದೇನು?”

“ತತ್ತಿ ರಿ, ಯಕ್ಕಾ,” ಎಂದರು ಪಂಪಮ್ಮ.

“ಅದು ನನಗೂ ಕಾಣತೈತಿ. ಲಿಂಗ ಕಟ್ಟಿದವರ ಮನ್ಯಾಗ ಇದು ಏನು ಮಾಡಾಕತೈತಿ?”

ಬಾಗಿಲಲ್ಲಿ ಅಷ್ಟೊತ್ತಿಗೆ ಓಣಿ ನೆರೆದಿತ್ತು, ಗಿಡ್ಡಪ್ಪ ಎಲ್ಲರಿಗಿಂತ ಮುಂದೆ. ವಿರೂಪಾಕ್ಷಪ್ಪನವರು ಶಾಲು ಸರಿಸಿ ಕೈ ತೋರಿಸಿದರು. “ಔಷಧಕ್ಕ ರಿ. ಪೆಂಟಿ ಎತ್ತೂಮುಂದ ಉಳಕಿತು.”

“ದಿನಾ ಆರು? ಆನಿ ಕಾಲು ಉಳಕಿದ್ರೂ ಇಷ್ಟು ಹತ್ತಂಗಿಲ್ಲ. ಕಟ್ಟಿದವನ್ನ ಕರೀರಿ.”

ಹೈದರಸಾಬರು ಬಂದರು. ಕಳಕಮ್ಮ ಅವರನ್ನು ಒಳಗೆ ಕರೆದು, ಓಣಿಯ ಮುಖದ ಮೇಲೆ ಕದ ಹಾಕಿದರು. ಒಳಗೆ ಉಳಿದದ್ದು ಅವರಿಬ್ಬರು, ಮನೆಯ ಗಂಡ ಹೆಂಡತಿ, ಬಾಗಿಲ ಸಂದಿಯಲ್ಲಿ ಅನ್ನಮ್ಮ.

“ಎಷ್ಟು ಹೇಳಿದ್ರಿ, ಸಾಬರ?”

“ಮೂರು ದಿನಕ್ಕ ಎರಡು ರಿ, ಅವ್ವಾರ.” ಹೈದರಸಾಬರು ಕಟ್ಟು ಬಿಚ್ಚುತ್ತ ಕೈಯನ್ನು ಬೆಳಕಿಗೆ ತಿರುಗಿಸಿದರು. ಮಣಿಕಟ್ಟು ನೋಡಿದರು. ಬೆರಳ ತುದಿ ನೋಡಿದರು. ಎರಡು ಬೆರಳಿನ ಮೇಲೆ ದಾರದಂಥ ಕಪ್ಪು ಗೆರೆ, ಒಳಗೆ ಕೊಯ್ದಿತ್ತು.

“ಬೆಲ್ಲದ ಪೆಂಟಿಗೆ ತಂತಿ ಇರತಾವೇನ್ರಿ, ಸಾವಕಾರ್ರ?” ಎಂದು ಮೆಲ್ಲಗೆ ಕೇಳಿದರು.

ವಿರೂಪಾಕ್ಷಪ್ಪನವರು ಹೆಂಡತಿಯನ್ನು ನೋಡಿದರು, ಮಗಳನ್ನು ನೋಡಿದರು, ಆಮೇಲೆ ನೆಲ ನೋಡಿದರು.

“ಯಕ್ಕಾ, ನನಗ ಸಿತಾರ ಬರಂಗಿಲ್ಲ. ಚಂದ ಕಾಣಲಿ ಅಂತ ತಂದು ತೂಗ ಹಾಕಿದ್ದೆ. ನಿಮ್ಮ ತಮ್ಮ ಕೇಳಿದ್ರು, ನಾ ಹೌದಂದೆ. ಆವತ್ತಿನಿಂದ ಕಲ್ಯಾಕತ್ತೇನಿ. ಕಟ್ಟಿದ್ದು ಬಿಚ್ಚಿ ಬಾರಸೂದು, ಮತ್ತ ಕಟ್ಟೂದು. ಅದಕ್ಕ ಇಷ್ಟು ತತ್ತಿ. ತಪ್ಪು ನಂದು ರಿ, ಹುಡುಗಿದು ಏನಿಲ್ಲ. ಸಂಬಂಧ ಬ್ಯಾಡ ಅಂದ್ರ ನನ್ನ ಹೆಸರು ಹೇಳಿ ಬಿಡ್ರಿ, ಆಕಿ ಹೆಸರು ತರಬ್ಯಾಡ್ರಿ.”

ಬಾಗಿಲ ಸಂದಿಯಿಂದ ಅನ್ನಮ್ಮ ಹೇಳಿದಳು: “ಕೈ ನೋಯ್ತೈತಂತ ಬಾಯಾಗ ಟವಲ್ ಕಚ್ಚಿಕೊಂಡು ಬಾರಸ್ತಾನ್ರಿ ನಮ್ಮಪ್ಪ. ನಾ ನೋಡೇನಿ.”

ಕಳಕಮ್ಮ ತತ್ತಿಯನ್ನು ಕೆಳಗಿಟ್ಟು ಕಂಬಕ್ಕೆ ಒರಗಿ ಕೂತರು.

“ಒಟ್ಟ ಬರಂಗಿಲ್ಲ?”

“ಒಟ್ಟ ಇಲ್ರಿ.”

“ಒಂದೀಟೂ?”

“ಸರಿಗಮ ಬರತೈತಿ. ಅದೂ ‘ಮ’ ತನಕ.”

ಕಳಕಮ್ಮನ ಮುಖ ಬಿಚ್ಚಿಕೊಂಡಿತು. ಬಂದಾಗಿನಿಂದ ಮೊದಲ ಸಲ ನೀರಿನ ತಂಬಿಗೆಗೆ ಕೈ ಹಾಕಿ ಗಟಗಟ ಕುಡಿದರು.

“ಪುಣ್ಯಾತ್ಮಾ, ಇದನ್ನ ಮೊದಲ ಹೇಳಬೇಕಿಲ್ಲೇನು? ತತ್ತಿ ಹೊರಗ ಹಚ್ಚಿದ್ದು, ಜಳಕ ಮಾಡಿದ್ರ ಹೋತು. ನನಗ ಅಂಜಿಕಿ ಇದ್ದದ್ದು ಸಿತಾರದ್ದು. ಇಪ್ಪತ್ತು ವರ್ಷ ನನ್ನ ತಮ್ಮನ ತಬಲಾ ಕೇಳೇನಿ. ಎಮ್ಮಿ ಹಾಲು ಬಿಡವಲ್ದು, ಆಳು ನಿಲ್ಲವಲ್ರು. ಅದಕ್ಕ ಒಬ್ಬ ಜೋಡಿ ಬ್ಯಾರೆ ಬಂದ್ರ ನಾವು ಊರ ಬಿಡಬೇಕಿತ್ತು. ಈ ಸಂಬಂಧ ಹೆಂಗ ಮುರೀಲಿ ಅಂತ ಕುಂತಿದ್ದೆ, ತತ್ತಿ ಸುದ್ದಿ ಬಂತು, ಗಾಡಿ ಕಟ್ಟಿಸಿದೆ.”

“ಹಂಗಾರ ಸಂಬಂಧ...” ಎಂದರು ಪಂಪಮ್ಮ.

“ಹುಡುಗಿ ಬಂಗಾರದಂಥಾಕಿ. ಆದ್ರ ಬೀಗರ, ಇದನ್ನ ಛಲೋ ಕೇಳ್ರಿ.” ಕಳಕಮ್ಮ ಬೆರಳೆತ್ತಿದರು. “ನಿಮಗ ಬರಂಗಿಲ್ಲ ಅಂತ ನನ್ನ ತಮ್ಮಗ ತಿಳೀತಂದ್ರ ಅವ ಸಕ್ಕರಿ ಮುಟ್ಟಂಗಿಲ್ಲ. ನೀವು ಛಲೋ ಬಾರಿಸಿದ್ರ ನಾ ಮುಟ್ಟಂಗಿಲ್ಲ. ಹಂಗ ಬಾರಸ್ರಿ.”

ಇಷ್ಟು ಹೇಳಿ ಊಟ ಮಾಡಿ ಹೋದರು.

ಆಕೆಯ ಗಾಡಿ ಹೋದ ಮೇಲೂ ಹೈದರಸಾಬರು ಏಳಲಿಲ್ಲ. “ಸಾವಕಾರ್ರ, ಹೆಂಗ ಹಿಡೀತೀರಿ, ಒಮ್ಮೆ ತೋರಸ್ರಿ,” ಎಂದರು. ಇವರು ತೋರಿಸಿದರು. ಮೊಣಕೈ ಎದೆಯ ಮಟ್ಟ, ಮುಷ್ಟಿ ಬಿಗಿ, ಮಣಿಕಟ್ಟು ಮುರಿದು ನಿಂತದ್ದು. ಹೈದರಸಾಬರು ಹಣೆ ಹಣೆ ಬಡಿದುಕೊಂಡರು. “ಇದು ಸಿತಾರ ಹಿಡಿದಂಗಲ್ರಿ, ತಕ್ಕಡಿ ಹಿಡಿದಂಗ. ಇಡೀ ದಿನ ಹಿಂಗ ಹಿಡಿದ್ರ ಕಬ್ಬಿಣದ ಕೈನೂ ಬಾಯ್ತೈತಿ. ನಡೀರಿ ಉಸ್ತಾನಿ ಬಾಯಿಯವರ ಕಡೆ.”

ಅಮೀನರ ಪಡಸಾಲೆಯಲ್ಲಿ, ಪರದೆಯ ಮುಂದೆ, ಹೈದರಸಾಬರು ಒಂದು ಕೊಡೆಯನ್ನು ಸಿತಾರ ಮಾಡಿಕೊಂಡು ಸಾವಕಾರರಂತೆ ಹಿಡಿದು ಕೂತರು. ಎಲ್ಲವನ್ನೂ ಬಾಯಲ್ಲಿ ವಿವರಿಸಿದರು. ಪರದೆ ಸ್ವಲ್ಪ ಅಲುಗಿತು, ಅಂಚಿನಲ್ಲಿ ಒಂದು ಕಣ್ಣು ಕಾಣಿಸಿತು. ಆಮೇಲೆ ಒಳಗಿನಿಂದ ಬಂದ ನಗು ಸಿತಾರಕ್ಕಿಂತ ಸಾಫಾಗಿತ್ತು.

“ತೋಬಾ. ನಾ ಒತ್ರಿ ಒತ್ರಿ ಅಂತ ನಿಮ್ಮ ಕೈ ಕೊಂದೆ, ಸಾವಕಾರ್ರ,” ಎಂದರು ಶಹನಾಜಬೇಗಂ. “ನೋವು ಐತಿ ಅಂತ ಒಂದು ಮಾತು ಹೇಳಬಾರದ?”

ಅವತ್ತು ಪಾಠ ಮೊದಲಿಂದ ಶುರುವಾಯಿತು. ಉಸ್ತಾನಿ ಪರದೆಯ ಅಂಚಿನಿಂದ ನೋಡಿ ಹೇಳುತ್ತ ಹೋದರು, ಹೈದರಸಾಬರು ಇವರ ಕೈಕಾಲು ತಿದ್ದಿ ಕೂಡಿಸುತ್ತ ಹೋದರು. ಸಿತಾರದ ಬುರುಡೆ ಎಡಗಾಲಿನ ಅಂಗಾಲಿನ ಮೇಲೆ. ಬಲಗೈಯ ಮುಂಗೈ ಬುರುಡೆಯ ಮೇಲೆ ಭಾರ ಬಿಟ್ಟರೆ ಸಿತಾರ ತಾನೇ ನಿಲ್ಲುತ್ತದೆ. ಎಡಗೈ ಎತ್ತುವ ಕೆಲಸಕ್ಕಿಲ್ಲ, ಬರೀ ಓಡಾಡುವ ಕೆಲಸಕ್ಕೆ. ಬೆರಳು ಹಿತ್ತಾಳೆಯ ಮೆಟ್ಟಿನ ಬೆನ್ನಿಗೇ ಕೂತರೆ ಸ್ವಲ್ಪ ಒತ್ತಿದರೂ ಸಾಕು. ಹೆಬ್ಬೆರಳಿಗೂ ದಂಡಿಗೂ ನಡುವೆ ಒಂದು ವೀಳ್ಯದೆಲೆ ಇಡಬೇಕು. ಬಾರಿಸಿ ಮುಗಿಸಿದ ಮೇಲೆ ಆ ಎಲೆ ತಿನ್ನುವ ಹಾಗಿರಬೇಕು. ನಜ್ಜುಗುಜ್ಜಾದರೆ ಅವತ್ತಿನ ಪಾಠ ಬಂದ್.

ಹೈದರಸಾಬರು ತಮ್ಮ ಹುಕುಂ ಸೇರಿಸಿದರು. ನಾಲ್ಕು ದಿನ ಸಿತಾರ ಮುಟ್ಟಬಾರದು. ಕಟ್ಟು ಬೇಡ, ತತ್ತಿ ಬೇಡ. ಬಿಸಿನೀರಿನ ಶಾಖ, ಬೆರಳು ಮೆಲ್ಲಗೆ ಮಡಚಿ ಬಿಚ್ಚುವುದು. ಆಮೇಲೆ ಹತ್ತು ನಿಮಿಷ ಬಾರಿಸಿದರೆ ಹತ್ತು ನಿಮಿಷ ಕೈ ತೊಡೆಯ ಮೇಲೆ. ನೋವು ಬಂದರೆ ಅದು ಕೈ ಆಡುವ ಮಾತು, ಕೇಳಬೇಕು.

ಐದನೆಯ ದಿನ ಬಾತದ್ದು ಇಳಿದಿತ್ತು. ವಿರೂಪಾಕ್ಷಪ್ಪನವರು ಎಲೆ ಇಟ್ಟುಕೊಂಡು ‘ಸ’ ಮೀಟಿದರು. ‘ಝರ್ರ್’ ಬರಲಿಲ್ಲ. ಬಂದದ್ದು ಬೇರೆ ಏನೋ, ಉದ್ದಕ್ಕೆ ನಿಂತಿತು, ಪಡಸಾಲೆಯ ಆ ತುದಿ ಮುಟ್ಟಿ ತಿರುಗಿ ಬಂತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಪಂಪಮ್ಮನ ಕೈ ನಿಂತಿತು. ವಿರೂಪಾಕ್ಷಪ್ಪನವರಿಗೆ ಆನಂದಕ್ಕಿಂತ ಹೆಚ್ಚು ಭಯವಾಯಿತು. ಇದು ಛಲೋ ಬಂದುಬಿಟ್ಟಿತಲ್ಲ, ಕಳಕಮ್ಮ ಏನೆಂದಾರು?

ಆಗಿ ಹುಣ್ಣಿಮೆಯ ದಿನ ಪಡಸಾಲೆ ತುಂಬ ಜನ. ಜಮಖಾನೆಯ ಮೇಲೆ ಒಂದು ಕಡೆ ಸಿತಾರ, ಇನ್ನೊಂದು ಕಡೆ ತಬಲಾ, ನಡುವೆ ಬಟ್ಟೆ ಮುಚ್ಚಿದ ಸಕ್ಕರೆಯ ಪರಾತ. ಒಳಕೋಣೆಯಲ್ಲಿ ಹೆಂಗಸರ ನಡುವೆ ಬುರಖಾದಲ್ಲಿ ಶಹನಾಜಬೇಗಂ. ಬಾಗಿಲಿಗೆ ಹತ್ತಿದಂತೆ ಕಳಕಮ್ಮ, ಕಣ್ಣು ಬೀಗರ ಬೆರಳ ಮೇಲೆ. ಅವರ ಹಿಂದೆ ಹಸಿರು ಸೀರೆಯಲ್ಲಿ ಅನ್ನಮ್ಮ.

ವಿರೂಪಾಕ್ಷಪ್ಪನವರು ‘ಸ’ ಮೀಟಿದರು. ಅದು ಮುಗಿಯುವವರೆಗೆ ಕಾದು ‘ರಿ’ ಮೀಟಿದರು. ಮುಂದಿನದು ಎಲ್ಲಿದೆ ಎಂದು ಹುಡುಕಲು ಅಷ್ಟು ಹೊತ್ತು ಬೇಕೇ ಆಗುತ್ತಿತ್ತು.

“ಆಹಾ,” ಎಂದರು ದೊಡ್ಡಬಸಪ್ಪನವರು ಕಣ್ಣು ಮುಚ್ಚಿ. “ಅವಸರ ಒಟ್ಟ ಇಲ್ಲ ನೋಡ್ರಿ.”

‘ಗ’ ಮಾತ್ರ ಕೈ ಮೀರಿ ಚೆನ್ನಾಗಿ ಬಂತು. ಒಳಗಿನಿಂದ ಬುರಖಾದ ಮರೆಯಲ್ಲಿ ‘ವಾಹ್’ ಎಂದದ್ದು ಕೇಳಿಸಿತು. ಕಳಕಮ್ಮನ ಹುಬ್ಬು ಮೇಲೇರಿತು. ವಿರೂಪಾಕ್ಷಪ್ಪನವರು ಬೆವೆತು, ‘ಮ’ವನ್ನು ಒಂದು ಬೆರಳು ಆಚೆ ಇಟ್ಟು ಕೆಡಿಸಿದರು. ಹುಬ್ಬು ಇಳಿಯಿತು. ಮತ್ತೆ ‘ಮ’ದಿಂದ ‘ಸ’ಕ್ಕೆ ಇಳಿದು ಬಂದರು. ಅವರ ವಿದ್ಯೆ ಅಲ್ಲಿಗೆ ಪೂರ್ತಿಯಾಗಿತ್ತು, ಎರಡನೆಯ ಸಲ ಹೊರಟರು.

ಅಷ್ಟರಲ್ಲಿ ದೊಡ್ಡಬಸಪ್ಪನವರ ಕೈ ತಡೆಯಲಿಲ್ಲ. ತಬಲಾ ಶುರುವಾಯಿತು. ಗೂಟದ ಮೇಲಿದ್ದ ರುಮಾಲು ಕೆಳಗೆ ಬಿತ್ತು. ಓಣಿಯ ಕೆಂಪು ನಾಯಿ ಎದ್ದು ಬೇರೆ ಓಣಿಗೆ ಹೋಯಿತು. ಆ ಗುಡುಗಿನಲ್ಲಿ ಸಿತಾರ ಒಂದು ಸಲವೂ ಕೇಳಿಸಲಿಲ್ಲ. ವಿರೂಪಾಕ್ಷಪ್ಪನವರು ನಿಶ್ಚಿಂತೆಯಿಂದ ಏರುತ್ತ ಇಳಿಯುತ್ತ ಇದ್ದರು, ಮಣಿಕಟ್ಟು ಹೂವಿನ ಹಾಗೆ ಹಗುರವಾಗಿತ್ತು. ಹತ್ತು ನಿಮಿಷ ಆದಂತೆ ಕಂಡಾಗ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಅದು ದೊಡ್ಡಬಸಪ್ಪನವರಿಗೆ ಗೊತ್ತಾದದ್ದು ಇನ್ನೂ ಕಾಲು ತಾಸಿನ ಮೇಲೆ.

“ಇಪ್ಪತ್ತು ವರ್ಷದಾಗ ಇಂಥಾ ಸಾಥ್ ಸಿಕ್ಕಿದ್ದಿಲ್ಲ ನನಗ,” ಎಂದರು ಬೆವರು ಒರೆಸಿಕೊಳ್ಳುತ್ತ. “ಎಷ್ಟೋ ಮಂದಿ ತಬಲಾ ಮುಚ್ಚಿಬಿಡತಾರ. ಇವರು ಜಾಗ ಬಿಟ್ಟು ಬಾರಸ್ತಾರ. ಇನ್ನೊಂದು ಆಗಲಿ, ಬೀಗರ.”

“ಹತ್ತು ನಿಮಿಷ ಆದ ಮ್ಯಾಲ ಕೈಗೆ ವಿಶ್ರಾಂತಿ ಕೊಡಬೇಕಂತ ಹೈದರಸಾಬರ ಹುಕುಂ ಐತ್ರಿ.” ಹುಡುಗಿ ನೋಡಲು ಬಂದ ದಿನದಿಂದ ಈ ಬೀಗರ ಮುಂದೆ ಅವರ ಬಾಯಿಂದ ಇಷ್ಟು ನಿಜವಾದ ಮಾತು ಬಂದಿರಲಿಲ್ಲ.

“ನೋಡ್ರಿ, ದೊಡ್ಡ ಕಲಾವಿದರು ಕೈನ ಹಿಂಗ ಕಾಯತಾರ,” ಎಂದು ದೊಡ್ಡಬಸಪ್ಪನವರು ಸಭೆಗೆ ತಿಳಿಹೇಳಿದರು. “ಸಕ್ಕರಿ ತರ್ರಿ. ಅದು ಹಂಚೂತನಕ ನಾ ಒಬ್ಬನ ಒಂದು ಬಾರಸ್ತೇನಿ.”

ಕಳಕಮ್ಮ ಎದ್ದು ಬಂದು ಒಂದು ಹಿಡಿ ಸಕ್ಕರೆಯನ್ನು ತಮ್ಮನ ಬಾಯಿಗೆ ತುರುಕಿದರು, ಇನ್ನೊಂದು ಹಿಡಿಯನ್ನು ಅವನ ಬಲ ಅಂಗೈಗೆ, ಮತ್ತೊಂದನ್ನು ಎಡ ಅಂಗೈಗೆ. ಎರಡೂ ಕೈ ತುಂಬಿದ ದೊಡ್ಡಬಸಪ್ಪನವರು ತಬಲಾ ನೋಡುತ್ತ ಕೂತರು. ಪರಾತ ಸಭೆಯಲ್ಲಿ ಸುತ್ತಿತು. ಗಿಡ್ಡಪ್ಪ ಎರಡು ಸಲ ತೆಗೆದುಕೊಂಡ. ಬಾಯಿ ಸಿಹಿಯಾದ ಮೇಲೆ ಎಲ್ಲರೂ ವಿರೂಪಾಕ್ಷಪ್ಪನವರಿಗೆ ಕೈ ಮುಗಿದರು. ಅವರು ಎರಡೂ ಕೈ ಎತ್ತಿ ತಿರುಗಿ ಮುಗಿದರು, ಎಲ್ಲೂ ನೋಯಲಿಲ್ಲ.

ಕಳಕಮ್ಮ ಅನ್ನಮ್ಮನನ್ನು ಕರೆದು ಪಕ್ಕದಲ್ಲಿ ಕೂಡಿಸಿಕೊಂಡರು. ತಲೆಗೆ ಹೂ ಮುಡಿಸಿ, ಕೆನ್ನೆ ಸವರಿ, ಕಿವಿಯ ಹತ್ತಿರ ಬಾಗಿ ಹೇಳಿದರು:

“ತಬಲಾಕ್ಕ ಅಂಜಬ್ಯಾಡವಾ, ಮಗಳ. ನಮ್ಮ ಎರಿಹೊಲದಾಗ ಹತ್ತಿ ಭಾಳ ಬೆಳೀತೈತಿ. ನನ್ನ ಕಿವಿಗೆ ಇಟ್ಟು ಉಳದಿದ್ದೆಲ್ಲಾ ಇನ್ನ ಮ್ಯಾಲ ನಿಂದ.”